ಸುತ್ತುಪಥದ ಕಾರೂ ರ‍್ಯಾಲಿಯ ಕಾರೂ

ಮೋಟಾರು ಪಂದ್ಯದ ಮಾತು ಬಂದೊಡನೆ ನಮ್ಮ ಹುಡುಗರು ಕೇಳುವ ಮೊದಲ ಪ್ರಶ್ನೆ, "ಎಷ್ಟು ವೇಗ ಸರ್?" ಎಂಬುದು. ವೇಗವೊಂದೇ ಅಳತೆಯಾದರೆ ವಾದಕ್ಕೆ ಎಡೆಯೇ ಇಲ್ಲ; ಸುತ್ತುಪಥದಲ್ಲಿ ಓಡುವ ಫಾರ್ಮುಲಾ ಒನ್ ಕಾರು ಗೆದ್ದಂತೆಯೇ. ಆದರೆ 1960ರಿಂದ 1980ರ ದಶಕದವರೆಗಿನ ಎರಡು ಬಗೆಯ ಕಾರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಹೆಚ್ಚಿನ ಪರೀಕ್ಷೆಗೆ ಒಳಗಾದದ್ದು ರ‍್ಯಾಲಿಯ ಕಾರೇ ಎಂಬುದು ನನ್ನ ಅಭಿಪ್ರಾಯ.

ಸುತ್ತುಪಥದ ಕಾರಿನ ಜಾಣ್ಮೆಯನ್ನು ಅಲ್ಲಗಳೆಯಲಾಗದು. 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆಗಲು ನೆರವಾದ ಲೋಟಸ್ 79 ಕಾರಿನ ತಳಭಾಗವನ್ನು, ವಿಮಾನದ ರೆಕ್ಕೆಯನ್ನು ಬೋರಲು ಹಾಕಿದಂತೆ ರೂಪಿಸಿದ್ದರು. ರೆಕ್ಕೆ ವಿಮಾನವನ್ನು ಮೇಲಕ್ಕೆತ್ತಿದರೆ ಇದು ಕಾರನ್ನು ನೆಲಕ್ಕೆ ಎಳೆದು ಹಿಡಿಯುತ್ತಿತ್ತು. ಪಕ್ಕದಿಂದ ಗಾಳಿ ನುಸುಳದಂತೆ ನೆಲಕ್ಕೆ ತಾಗುವ ಅಂಚುಪಟ್ಟಿಗಳೂ ಇದ್ದವು. ಬೇರೆ ಕಾರುಗಳು ಜಾರುವ ತಿರುವಿನಲ್ಲಿ ಇದು ಅಂಟಿಕೊಂಡೇ ಹೋಗುತ್ತಿತ್ತು. ಆದರೆ ಈ ಜಾಣ್ಮೆಗೆ ನುಣುಪಾದ ನೆಲ ಬೇಕು. ನಮ್ಮೂರ ರಸ್ತೆಯ ಒಂದು ಗುಂಡಿಗೆ ಇಳಿದಿದ್ದರೆ ಆ ಪಟ್ಟಿಗಳು ಅಲ್ಲಿಯೇ ಉಳಿಯುತ್ತಿದ್ದವು! ಪಂದ್ಯವೆಂದರೂ ಸುಮಾರು 300 ಕಿ.ಮೀ., ಎರಡು ಗಂಟೆಯ ಕೆಲಸ. ಒಂದೇ ತಿರುವನ್ನು ಚಾಲಕನು ಹತ್ತಾರು ಬಾರಿ ಕಾಣುತ್ತಾನೆ.

ಇನ್ನು 1953ರಲ್ಲಿ ಆರಂಭವಾದ ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿಯನ್ನು ನೋಡಿ. ಆ ಕಾಲದಲ್ಲಿ ಅದರ ಹಾದಿ ಸುಮಾರು 5000 ಕಿ.ಮೀ. ಜನರ ಓಡಾಟಕ್ಕೆ ರಸ್ತೆ ಮುಚ್ಚುತ್ತಿರಲಿಲ್ಲ. ಎದುರಿಗೆ ಲಾರಿ ಬರಬಹುದು, ದನ ಬರಬಹುದು, ಜಿರಾಫೆಯೂ ಬರಬಹುದು. ಮಳೆ ಬಿತ್ತೆಂದರೆ ಎರೆಮಣ್ಣು. ಅದು ಗಾಲಿಗೆ ಹೇಗೆ ಮೆತ್ತಿಕೊಳ್ಳುತ್ತದೆಂದು ಸೊಲ್ಲಾಪುರ ಸೀಮೆಯ ರೈತರ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. 1963ರಲ್ಲೂ 1968ರಲ್ಲೂ ಎಂಬತ್ತಕ್ಕೂ ಹೆಚ್ಚು ಕಾರುಗಳು ಹೊರಟು ಗುರಿ ಮುಟ್ಟಿದವು ಏಳೇ ಏಳು.

ಇಂಥ ಹಾದಿಯಲ್ಲಿ 1965ರಲ್ಲಿ ಗೆದ್ದವನು ಕೀನ್ಯದ ಜೋಗಿಂದರ್ ಸಿಂಗ್. ಪಂಜಾಬಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಮನೆತನದವನು. ಜೊತೆಯಲ್ಲಿ ದಾರಿ ಹೇಳಲು ಕುಳಿತವನು ಸೋದರ ಜಸ್ವಂತ್. ಅವರದು ವೋಲ್ವೋ ಕಾರು. ಮುಂದೆ 1974 ಮತ್ತು 1976ರಲ್ಲಿ ಮಿತ್ಸುಬಿಷಿ ಲ್ಯಾನ್ಸರಿನಲ್ಲಿ ಅವನು ಮತ್ತೆರಡು ಬಾರಿ ಗೆದ್ದನು. ಉಗಾಂಡದಲ್ಲಿ ಹುಟ್ಟಿದ ಶೇಖರ್ ಮೆಹ್ತಾ 1973ರಲ್ಲಿ ಒಮ್ಮೆ, 1979ರಿಂದ 1982ರವರೆಗೆ ಸತತವಾಗಿ ನಾಲ್ಕು ಬಾರಿ ಗೆದ್ದನು. ಜೋಗಿಂದರ್ ಗೆದ್ದ ಕಾರುಗಳು ಸಂಸಾರಸ್ಥರು ಅಂಗಡಿಯಲ್ಲಿ ಕೊಳ್ಳುವ ಕಾರುಗಳ ಗಟ್ಟಿಗೊಳಿಸಿದ ರೂಪಗಳೇ. ನನಗೆ ರ‍್ಯಾಲಿ ಮೆಚ್ಚುಗೆಯಾಗಲು ಇದೇ ಮುಖ್ಯ ಕಾರಣ.

ಪಕ್ಕದಲ್ಲಿ ಕುಳಿತವರ ಹೆಸರನ್ನು ಪತ್ರಿಕೆಗಳು ಬಿಟ್ಟೇಬಿಡುವುದುಂಟು, ಇದು ಸರಿಯಲ್ಲ. 1981ರಲ್ಲಿ ಇಟಲಿಯ ಸಾನ್‌ರೆಮೊ ರ‍್ಯಾಲಿಯಲ್ಲಿ ಗೆದ್ದು, ವಿಶ್ವ ರ‍್ಯಾಲಿ ಸ್ಪರ್ಧೆಯೊಂದನ್ನು ಗೆದ್ದ ಮೊದಲ ಮಹಿಳೆಯೆನಿಸಿದವಳು ಮಿಶೆಲ್ ಮೂಟನ್. ಆಕೆಯ ಆಡಿ ಕ್ವಾಟ್ರೊದಲ್ಲಿ ದಾರಿ ಓದಿ ಹೇಳಿದವಳು ಫ್ಯಾಬ್ರಿಜಿಯಾ ಪೋನ್ಸ್. ನಮ್ಮ ವಿದ್ಯಾರ್ಥಿನಿಯರು ಎರಡೂ ಹೆಸರನ್ನು ನೆನಪಿಡಲಿ.

ಪ್ರಾಣಾಪಾಯದ ಮಾತನ್ನು ಪಾಲಕರು ಎತ್ತುವುದು ನ್ಯಾಯವೇ. ಸುತ್ತುಪಥವೂ ಸುರಕ್ಷಿತವಾಗಿರಲಿಲ್ಲ, 1976ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಿಕಿ ಲಾಡಾ ಬೆಂಕಿಯಲ್ಲಿ ಬೆಂದು ಬದುಕಿ ಬಂದನು. ಆದರೆ ರ‍್ಯಾಲಿ ತನ್ನ ಗುಣ ಮರೆತು ಬರಿಯ ವೇಗದ ಬೆನ್ನು ಹತ್ತಿದಾಗ ಆದ ಅನಾಹುತ ಬೇರೆಯೇ ಬಗೆಯದು. 1982ರಲ್ಲಿ ಬಂದ 'ಗ್ರೂಪ್ ಬಿ' ನಿಯಮದ ಪ್ರಕಾರ 200 ಕಾರು ತಯಾರಿಸಿದರೆ ಸಾಕಿತ್ತು. ಕೆಲವು ವರ್ಷಗಳಲ್ಲೇ ಅವುಗಳ ಬಲ 400 ಅಶ್ವಶಕ್ತಿಯನ್ನು ಮೀರಿತು. ರಸ್ತೆ ಮಾತ್ರ ಅದೇ ಇಕ್ಕಟ್ಟಿನ ರಸ್ತೆ, ಅಂಚಿನಲ್ಲಿ ಬೇಲಿಯಿಲ್ಲದೆ ನಿಂತ ಜನ. 1986ರಲ್ಲಿ ಪೋರ್ಚುಗಲ್‌ನಲ್ಲಿ ಕಾರೊಂದು ಜನರ ಮೇಲೆ ನುಗ್ಗಿ ಪ್ರೇಕ್ಷಕರು ಸತ್ತರು. ಅದೇ ವರ್ಷ ಮೇ 2ರಂದು ಕಾರ್ಸಿಕಾ ದ್ವೀಪದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವನ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಲಾನ್ಸಿಯಾ ಕಾರಿನೊಳಗೇ ಸುಟ್ಟುಹೋದರು. ಆ ಮೇಲೆ ಅಧಿಕಾರಿಗಳು ಎಚ್ಚೆತ್ತು, 1987ರಿಂದ ಆ ಕಾರುಗಳನ್ನು ವಿಶ್ವಸ್ಪರ್ಧೆಯಿಂದ ಹೊರಗಿಟ್ಟು, ವರ್ಷಕ್ಕೆ 5000 ತಯಾರಾಗುವ ಮಾದರಿಗಳಿಗೇ ಅಗ್ರಸ್ಥಾನ ಕೊಟ್ಟರು. ಅದೇ ಕಾರ್ಸಿಕಾದಲ್ಲಿ, ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1985ರ ಮೇ 2ರಂದು ಅಟಿಲಿಯೊ ಬೆಟ್ಟೆಗಾ ಸತ್ತಿದ್ದನು. ಆ ತೀರ್ಮಾನ ಅಂದೇ ಆಗಬೇಕಿತ್ತು.