‘ಎಂಪಿ4 ಮಾಡಿಕೊಡ್ರಿ’: ಒಂದು ಮಾತು, ಎರಡು ಕೆಲಸ

ಗೋಕಾಕದ ಕಂಪ್ಯೂಟರ್ ಅಂಗಡಿಗಳಲ್ಲಾಗಲಿ, ಮೂಡಲಗಿ, ಹುಕ್ಕೇರಿಯ ಫೋಟೊ ಸ್ಟುಡಿಯೊಗಳಲ್ಲಾಗಲಿ, ಹಳೆಯ ಡಿವಿಡಿ ಹಿಡಿದು ಬಂದವರು ಹೇಳುವುದು ಒಂದೇ ಮಾತು: ‘ಇದನ್ನ ಎಂಪಿ4 ಮಾಡಿಕೊಡ್ರಿ.’ ಅದರಲ್ಲಿ ಮಗಳ ಮದುವೆ ಇರಬಹುದು, ಜಾತ್ರೆಯಲ್ಲಿ ರಾತ್ರಿಯಿಡೀ ನಡೆದ ಶ್ರೀಕೃಷ್ಣ ಪಾರಿಜಾತದ ಆಟ ಇರಬಹುದು. ಮನೆಯ ಡಿವಿಡಿ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಗಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ವಿಡಿಯೊ ಮೊಬೈಲಿನಲ್ಲಿ ಕಂಡರೆ ಸಾಕು ಎಂಬುದು ಎಲ್ಲರ ಆಸೆ. ನೂರಿನ್ನೂರು ರೂಪಾಯಿಗೆ ಇನ್ನೊಬ್ಬರ ಕೈಗೆ ಕೊಡುವ ಬದಲು ತಾವೇ ಮಾಡಿಕೊಳ್ಳೋಣ ಎನ್ನುವವರೂ ಈಗ ಹೆಚ್ಚುತ್ತಿದ್ದಾರೆ.

ಹಾಗೆ ಹೊರಟವರಿಗೆ ಎರಡು ಬಗೆಯ ಸಾಫ್ಟ್‌ವೇರ್ ಎದುರಾಗುತ್ತವೆ. ಒಂದು, ಎಲ್ಲವನ್ನೂ ತಾನೇ ಮಾಡುವಂಥದ್ದು. ರೂಪ ಬದಲಿಸುವುದು, ಕತ್ತರಿಸುವುದು, ಜೋಡಿಸುವುದು, ಹಾಡು ಸೇರಿಸುವುದು, ಡಿಸ್ಕ್ ಬರೆಯುವುದು, ಎಲ್ಲಕ್ಕೂ ಒಂದೇ ಪರದೆಯ ಮೇಲೆ ಗುಂಡಿಗಳಿರುತ್ತವೆ. ಇನ್ನೊಂದು, ಒಂದೇ ಕೆಲಸಕ್ಕೆ ಮೀಸಲಾದದ್ದು. ಯಾವುದು ಮೇಲು ಎಂದು ಕೇಳುವ ಮೊದಲು ‘ಎಂಪಿ4 ಮಾಡುವುದು’ ಅಂದರೆ ಏನು ಎಂದು ನೋಡಬೇಕು. ಏಕೆಂದರೆ ಆ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ.

ಗೋಕಾಕದ ಕರದಂಟನ್ನೇ ತೆಗೆದುಕೊಳ್ಳೋಣ. ಅಂಗಡಿಯಿಂದ ತಂದದ್ದನ್ನು ರಟ್ಟಿನ ಪೆಟ್ಟಿಗೆಯಿಂದ ಸ್ಟೀಲ್ ಡಬ್ಬಿಗೆ ಹಾಕಿದರೆ ತಿನಿಸು ಹಾಗೇ ಇರುತ್ತದೆ. ಅದನ್ನೇ ಮತ್ತೆ ಬಾಣಲೆಗೆ ಹಾಕಿ, ಬೆಲ್ಲ ಕರಗಿಸಿ, ಬೇರೆ ಆಕಾರಕ್ಕೆ ಕೊಯ್ದರೆ ಕರದಂಟು ಸಿಗುತ್ತದೆ, ಮೊದಲಿನ ಹದ ಸಿಗುವುದಿಲ್ಲ. ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಡಬ್ಬಿಯ ಹೆಸರುಗಳು. ಡಬ್ಬಿಯೊಳಗಿನ ಚಿತ್ರ ಮತ್ತು ಧ್ವನಿಯನ್ನು ಯಾವ ಪಾಕದಲ್ಲಿ ಕಟ್ಟಿದ್ದಾರೆ ಎಂಬುದು ಬೇರೆ ವಿಷಯ. ಆ ಪಾಕಕ್ಕೆ ಕೋಡೆಕ್ ಎನ್ನುತ್ತಾರೆ. ಉಳಿಸುವಾಗ ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ, ನೋಡುವಾಗ ಬಿಚ್ಚಿ ತೋರಿಸುವ ವಿಧಾನ ಅದು.

ಒತ್ತುವುದೇಕೆ? ಇಂದಿನ ಸಾಮಾನ್ಯ ಮೊಬೈಲ್ ವಿಡಿಯೊದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಯ ಬಣ್ಣಕ್ಕೆ ಮೂರು ಬೈಟ್, ಸೆಕೆಂಡಿಗೆ 25 ಚಿತ್ರ ಎಂದು ಲೆಕ್ಕ ಹಾಕಿದರೆ ಒಂದು ಸೆಕೆಂಡಿಗೆ ಸುಮಾರು 155 ಎಂಬಿ ಆಗುತ್ತದೆ. 32 ಜಿಬಿ ಪೆನ್‌ಡ್ರೈವ್ ಮೂರೂವರೆ ನಿಮಿಷದಲ್ಲಿ ತುಂಬಿಬಿಡುತ್ತದೆ. ಕೋಡೆಕ್ ಇದನ್ನು ಎರಡು ಉಪಾಯಗಳಿಂದ ಕುಗ್ಗಿಸುತ್ತದೆ. ಪಾರಿಜಾತದ ರಂಗದಲ್ಲಿ ಹಿಂದಿನ ಪರದೆ ಅಲುಗುವುದಿಲ್ಲ, ಸತ್ಯಭಾಮೆ ಮಾತ್ರ ಓಡಾಡುತ್ತಾಳೆ. ಆದ್ದರಿಂದ ಪರದೆಯನ್ನು ಪ್ರತಿ ಚಿತ್ರದಲ್ಲೂ ಹೊಸದಾಗಿ ಬರೆಯದೆ, ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಎರಡನೆಯದಾಗಿ, ಕಣ್ಣು ಗಮನಿಸದ ಸಣ್ಣ ಸಣ್ಣ ವಿವರಗಳನ್ನು ಬಿಟ್ಟುಬಿಡುತ್ತದೆ. ಹೀಗೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ಇನ್ನೊಂದು ಸಲ ಪಾಕ ಮಾಡಿದರೆ ಉಳಿದದ್ದರಲ್ಲಿ ಇನ್ನಷ್ಟು ಬಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಮಸುಕಾಗುವುದು ಇದರಿಂದಲೇ.

ಹಾಗಾಗಿ ಡಬ್ಬಿ ಬದಲಿಸುವುದೇ ಬೇರೆ, ಪಾಕ ಬದಲಿಸುವುದೇ ಬೇರೆ. ಸಾಫ್ಟ್‌ವೇರ್ ಯಾವುದನ್ನು ಮಾಡುತ್ತಿದೆ ಎಂದು ತಿಳಿಯಲು ಗಡಿಯಾರ ನೋಡಿದರೆ ಸಾಕು. ಎರಡು ಜಿಬಿಯ ವಿಡಿಯೊ ಒಂದು ನಿಮಿಷದೊಳಗೆ ಮುಗಿದರೆ ಅದು ಡಬ್ಬಿ ಬದಲಿಸಿದೆ. ಕಂಪ್ಯೂಟರ್ ಬಿಸಿಯಾಗಿ, ಫ್ಯಾನ್ ಜೋರಾಗಿ ತಿರುಗುತ್ತ ಒಂದು ಗಂಟೆ ಹಿಡಿದರೆ ಪಾಕ ಮಾಡುತ್ತಿದೆ ಎಂದರ್ಥ.

ಈಗ ಆ ಡಿವಿಡಿಯನ್ನು ತೆರೆದು ನೋಡೋಣ. ಒಳಗೆ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ ‘ವಿಒಬಿ’ ಎಂದು ಕೊನೆಯಾಗುವ, ಒಂದೊಂದೂ ಹೆಚ್ಚೆಂದರೆ ಒಂದು ಜಿಬಿಯ ತುಂಡುಗಳು ಸಾಲಾಗಿರುತ್ತವೆ. ಚಿತ್ರದ ಪಾಕ ಎಂಪಿಇಜಿ-2, ತೊಂಬತ್ತರ ದಶಕದ್ದು. ಅನೇಕ ಮೊಬೈಲ್‌ಗಳಿಗೆ ಅದು ತಿಳಿಯುವುದಿಲ್ಲ. ಆದ್ದರಿಂದ ಮೊಬೈಲಿಗಾಗಿ ಒಂದು ಸಲ ಪಾಕ ಬದಲಿಸಲೇಬೇಕು. 2003ರಲ್ಲಿ ಬಂದ ಎಚ್.264 ಎಂಬ ಪಾಕ ಇದಕ್ಕೆ ಒಗ್ಗುತ್ತದೆ. ಅದನ್ನು ಬಿಚ್ಚಲಾರದ ಮೊಬೈಲ್ ಇಂದು ಸಿಗುವುದು ಕಷ್ಟ.

ಇಲ್ಲಿ ಹೊಸಬರ ಕಣ್ಣಿಗೆ ಬೀಳದ ಎರಡು ಸೂಕ್ಷ್ಮಗಳಿವೆ. ನಮ್ಮ ಡಿವಿಡಿಯ ಚಿತ್ರದಲ್ಲಿ ಮೇಲಿಂದ ಕೆಳಗೆ 576 ಗೆರೆಗಳು. ಹಳೆಯ ಕ್ಯಾಮೆರಾಗಳು ಇವನ್ನು ಒಂದೇ ಸಲ ಹಿಡಿಯುತ್ತಿರಲಿಲ್ಲ. ಮೊದಲು ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 50 ಅರೆಚಿತ್ರಗಳನ್ನು ಹಿಡಿಯುತ್ತಿದ್ದವು. ಹಳೆಯ ಟಿವಿ ಅದನ್ನು ಅದೇ ಕ್ರಮದಲ್ಲಿ ತೋರಿಸುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಮೊಬೈಲ್ ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುತ್ತದೆ. ಆಗ ಸತ್ಯಭಾಮೆ ಜಡೆ ಬೀಸಿದರೆ ಜಡೆಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳೇಳುತ್ತವೆ. ಇದನ್ನು ಪಾಕ ಬದಲಿಸುವಾಗಲೇ ಸರಿಪಡಿಸಬೇಕು. ಒಮ್ಮೆ ಚಿತ್ರದಲ್ಲಿ ಬೆರೆತ ಮೇಲೆ ತೆಗೆಯುವುದು ಬಹಳ ಕಷ್ಟ. ಎರಡನೆಯದು, ಆ ಕಾಲದ ಚಿತ್ರ ಹೆಚ್ಚುಕಡಿಮೆ ಚೌಕಾಕಾರ. ಅದನ್ನು ಇಂದಿನ ಅಗಲ ಪರದೆಗೆ ಎಳೆದು ತುಂಬಿಸಿದರೆ ಮದುಮಗನ ಮುಖ ಅಗಲವಾಗುತ್ತದೆ, ಬಾಸಿಂಗ ಚಪ್ಪಟೆಯಾಗುತ್ತದೆ. ಎರಡೂ ಬದಿಗೆ ಕಪ್ಪು ಪಟ್ಟಿ ಇದ್ದರೆ ಅದು ತಪ್ಪಲ್ಲ, ಅದೇ ಸರಿ.

ಎಲ್ಲವನ್ನೂ ಒಂದರಲ್ಲೇ ಮಾಡುವ ಸಾಫ್ಟ್‌ವೇರ್‌ನ ಅನುಕೂಲ ಸಣ್ಣದಲ್ಲ. ಏನೂ ಗೊತ್ತಿಲ್ಲದವರೂ ಹತ್ತು ನಿಮಿಷದಲ್ಲಿ ಕೆಲಸ ಶುರು ಮಾಡಬಹುದು. ಮದುವೆಯ ವಿಡಿಯೊದಿಂದ ಅಕ್ಷತೆಯ ಭಾಗ ಕತ್ತರಿಸಿ, ಹಾಡು ಹಾಕಿ, ಹೆಸರು ಬರೆದು ಸ್ಟೇಟಸ್‌ಗೆ ಇಡುವವರಿಗೆ ಅದೇ ಸರಿ. ಆದರೆ ಅದರ ಸರಳತೆ ಬರುವುದು ಪ್ರಶ್ನೆಗಳನ್ನು ಮುಚ್ಚಿಡುವುದರಿಂದ. ಡಬ್ಬಿ ಬದಲಿಸಿದರೆ ಸಾಕಾಗಿದ್ದಲ್ಲಿಯೂ ಇಂಥ ಅನೇಕ ಸಾಫ್ಟ್‌ವೇರ್‌ಗಳು ಕೇಳದೆ ಪಾಕ ಬದಲಿಸುತ್ತವೆ. ಬಾಚಣಿಗೆ ಗೆರೆಯ ಆಯ್ಕೆ ಎಲ್ಲೋ ಮೂರನೇ ಪುಟದಲ್ಲಿರುತ್ತದೆ. ಉಚಿತ ಎಂದು ಇಳಿಸಿಕೊಂಡ ಪ್ರತಿಯಲ್ಲಿ ಕೊನೆಗೆ ಚಿತ್ರದ ನಡುವೆ ಕಂಪನಿಯ ಮುದ್ರೆ ಬೀಳುವುದೂ ಉಂಟು. ಹಣ ಕೊಟ್ಟು ಕೊಳ್ಳುವ ಎಷ್ಟೋ ಸಾಫ್ಟ್‌ವೇರ್‌ಗಳ ಒಳಗೆ ದುಡಿಯುವುದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಲಕರಣೆಯೇ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಅದನ್ನು ಆರಂಭಿಸಿದರು.

ಮೀಸಲು ಸಾಫ್ಟ್‌ವೇರ್‌ಗಳಲ್ಲಿ ಹೆಸರಾದದ್ದು ಹ್ಯಾಂಡ್‌ಬ್ರೇಕ್. 2003ರಿಂದ ಇದೆ, ಪೂರ್ತಿ ಉಚಿತ. ಪಾಕ ಬದಲಿಸುವುದೊಂದೇ ಅದರ ಕೆಲಸ. ಎರಡು ವಿಡಿಯೊ ಜೋಡಿಸು ಎಂದರೆ ಜೋಡಿಸುವುದಿಲ್ಲ. ಆದರೆ ಫೋಲ್ಡರ್ ತೋರಿಸಿದರೆ ಡಿವಿಡಿಯ ತುಂಡುಗಳನ್ನು ಒಂದೇ ವಿಡಿಯೊ ಎಂದು ತಾನೇ ಗುರುತಿಸುತ್ತದೆ. ಅದರ ಸಿದ್ಧ ಆಯ್ಕೆಗಳು ಬಾಚಣಿಗೆ ಗೆರೆ ಕಂಡಲ್ಲಿ ಮಾತ್ರ ಸರಿಪಡಿಸುತ್ತವೆ. ಚಿತ್ರದ ಗುಣಮಟ್ಟಕ್ಕೆ ಒಂದು ಅಂಕಿಯ ಪಟ್ಟಿ ಇದೆ. ಅಂಕಿ ಇಳಿದಷ್ಟೂ ಚಿತ್ರ ಸ್ಪಷ್ಟ, ಫೈಲ್ ದೊಡ್ಡದು. ಡಿವಿಡಿಗೆ 18ರಿಂದ 22ರ ನಡುವೆ ಇಟ್ಟರೆ ಸರಿ. ನಷ್ಟವಿಲ್ಲದೆ ಕತ್ತರಿಸಲು ಲಾಸ್‌ಲೆಸ್‌ಕಟ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಇದೆ. ಇವನ್ನು ಇಳಿಸಿಕೊಳ್ಳುವಾಗ ಅಧಿಕೃತ ತಾಣವೇ ಎಂದು ನೋಡಿಕೊಳ್ಳಬೇಕು. ಅಲ್ಲಿಯೂ ಎಚ್ಚರ ಬೇಕು: 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್‌ನ ಒಂದು ಡೌನ್‌ಲೋಡ್ ಸರ್ವರ್‌ಗೇ ಕನ್ನ ಹಾಕಿ, ಮ್ಯಾಕ್ ಕಂಪ್ಯೂಟರಿನ ಪ್ರತಿಯಲ್ಲಿ ದುಷ್ಟ ತಂತ್ರಾಂಶ ಸೇರಿಸಿದ್ದರು.

ನಮ್ಮ ಕಡೆಯ ಇನ್ನೊಂದು ತೊಂದರೆ ಕರೆಂಟಿನದು. ಎಂಪಿ4 ಡಬ್ಬಿಯ ವಿಷಯಸೂಚಿ ಸಾಮಾನ್ಯವಾಗಿ ಕೆಲಸದ ಕೊನೆಯಲ್ಲಿ ಬರೆಯಲ್ಪಡುತ್ತದೆ. ಎರಡು ಗಂಟೆ ನಡೆದ ಕೆಲಸ ಕೊನೆಯ ನಿಮಿಷದಲ್ಲಿ ನಿಂತರೆ ಆ ಫೈಲ್ ತೆರೆಯುವುದೇ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಗಟ್ಟಿಯಿದೆಯೇ ನೋಡಿಯೇ ಶುರು ಮಾಡಬೇಕು.

ನನ್ನ ಅಭಿಪ್ರಾಯ ಇಷ್ಟು. ಹೊಸದಾಗಿ ಕಲಿಯುವವರು ಮೀಸಲು ಸಾಫ್ಟ್‌ವೇರ್‌ನಿಂದಲೇ ಆರಂಭಿಸುವುದು ಒಳ್ಳೆಯದು. ಮೊದಲ ದಿನ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಆದರೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಅದಕ್ಕೂ ಮೊದಲು ಆ ವಿಡಿಯೊ ಟಿಎಸ್ ಫೋಲ್ಡರನ್ನು ಇದ್ದಂತೆಯೇ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಇಟ್ಟುಕೊಳ್ಳಬೇಕು. ಮೊಬೈಲಿನ ಪ್ರತಿ ಯಾವಾಗ ಬೇಕಾದರೂ ಮತ್ತೆ ಮಾಡಬಹುದು. ಮೂಲವೇ ಹೋದರೆ ಮಾಡಲು ಏನೂ ಉಳಿಯುವುದಿಲ್ಲ.

ಪಾರಿಜಾತದ ಡಿವಿಡಿ, ಕ್ಯಾಸೆಟ್‌ಗಳ ವಿಷಯದಲ್ಲಂತೂ ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಕುಲಗೋಡ ತಮ್ಮಣ್ಣ ಆಟದ ರೂಪ ಕೊಟ್ಟದ್ದು, ಕೌಜಲಗಿ ನಿಂಗಮ್ಮ ಹಾಡಿ ಮೆರೆದದ್ದು ಈ ಸೀಮೆಯಲ್ಲೇ. ಒಂದೊಂದು ಮೇಳದ ಮಟ್ಟು ಒಂದೊಂದು ಥರ. ಅದನ್ನು ಹಿಡಿದಿಟ್ಟ ವಿಎಚ್‌ಎಸ್ ಕ್ಯಾಸೆಟ್‌ಗಳು ಯಾರದೋ ಟ್ರಂಕಿನಲ್ಲಿ ಬೂಸ್ಟು ಹಿಡಿಯುತ್ತಿರಬಹುದು. ಅವಕ್ಕೆ ಮೊದಲು ಬೇಕಾದದ್ದು ಸಾಫ್ಟ್‌ವೇರ್ ಅಲ್ಲ, ನಡೆಯುವ ಸ್ಥಿತಿಯಲ್ಲಿರುವ ಒಂದು ವಿಸಿಆರ್. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಬರುತ್ತಿಲ್ಲ. ಹಳೆಯ ಸ್ಟುಡಿಯೊಗಳ ಅಟ್ಟದ ಮೇಲೆ ಇನ್ನೂ ಒಂದೆರಡು ಸಿಗಬಹುದು, ಈಗಲೇ ಹೋಗಿ ಕೇಳಿ.