ಮುಗಿಯದ ಓಟ
ಬಹುಮಾನ ವಿತರಣೆಯ ದಿನ ಗೆದ್ದವರ ಹೆಸರನ್ನಷ್ಟೇ ಕೂಗುವ ರೂಢಿ ಪುನರ್ವಿಮರ್ಶೆಗೆ ಅರ್ಹವಾಗಿದೆ. ಟೋಕಿಯೋದ ಶಿಕ್ಷಕ ತರಬೇತಿ ವಿದ್ಯಾಲಯದ ವಿದ್ಯಾರ್ಥಿ ಶಿಜೋ ಕನಕುರಿ, ೧೯೧೨ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ತಮ್ಮ ಪ್ರಥಮ ಒಲಿಂಪಿಕ್ ಮ್ಯಾರಥಾನನ್ನು ಮುಗಿಸಲಾಗದೆ, ಬಿಸಿಲಿನ ಬೇಗೆಗೆ ಬಸವಳಿದು ನಡುದಾರಿಯಲ್ಲೇ ನಿಂತರು. ಅದೇನೂ ಹೇಡಿತನವಲ್ಲ, ಅಂದಿನ ಓಟ ಪೋರ್ಚುಗಲ್ಲಿನ ಲಜಾರೋ ಎಂಬ ತರುಣನನ್ನು ಬಲಿಗೊಂಡಿತು. ಸ್ವದೇಶಕ್ಕೆ ಮರಳಿದ ಕನಕುರಿಯವರು ಅಧ್ಯಾಪಕರಾಗಿ, ಕಿರಿಯರನ್ನು ದೂರದ ಓಟಕ್ಕೆ ಅಣಿಗೊಳಿಸಲು ದುಡಿದರು. ೧೯೨೦ರಲ್ಲಿ ಅವರೂ ಮುಂದಾಗಿ ನಿಂತು ಹುಟ್ಟುಹಾಕಿದ, ವಿದ್ಯಾರ್ಥಿಗಳ ಹಕೋನೆ ರಿಲೇ ಓಟ ಇಂದಿಗೂ ನಡೆಯುತ್ತಿದೆ. ೧೯೬೭ರಲ್ಲಿ ಅವರನ್ನು ಸ್ಟಾಕ್‌ಹೋಮಿಗೆ ಕರೆಸಿ ಅಂತಿಮ ಗೆರೆಯನ್ನು ದಾಟಿಸಿದ್ದು ಬರಿಯ ಉಪಚಾರ. ಶಾಲೆಗೆ ದತ್ತಿ ನೀಡುವ ಮಹನೀಯರು, ಮೊದಲ ದೀರ್ಘ ಓಟದಲ್ಲಿ ಸೋತು ಮರುವರ್ಷ ಮತ್ತೆ ಕಣಕ್ಕಿಳಿಯುವ ಮಗುವಿಗೂ ಒಂದು ಪಾರಿತೋಷಕವನ್ನು ಮೀಸಲಿಡುವುದು ಯುಕ್ತ.