ತೊತ್ತಳದುಳಿ ಎಂದರೆ ನಗುವವರಿಗೆ

ಕುಮಾರವ್ಯಾಸನ ಯುದ್ಧದ ಪದ್ಯಗಳನ್ನು ಓದುವಾಗ ನನಗೆ ಸಿಕ್ಕ ಪದ ‘ತೊತ್ತಳದುಳಿ’. ಕಾಲಡಿ ಹಾಕಿಕೊಂಡು ಚೆನ್ನಾಗಿ ತುಳಿಯುವುದು ಎಂದರ್ಥ. ಅರ್ಥಕ್ಕಿಂತ ಮೊದಲು ಹಿಡಿಸಿದ್ದು ಅದರ ಸದ್ದು. ‘ತುಳಿ’ ಎಂದರೆ ಒಂದೇ ಹೆಜ್ಜೆ. ‘ತೊತ್ತಳದುಳಿ’ ಎನ್ನುವಷ್ಟರಲ್ಲಿ ಒಂದು ಹಿಂಡೇ ದಾಟಿಹೋಗಿರುತ್ತದೆ. ಅಂದಿನಿಂದ ಹಾಸ್ಟೆಲಿನ ಊಟದ ಸಾಲಿನಲ್ಲಿ, ಫೋನಿನಲ್ಲಿ, ಸಿಕ್ಕಸಿಕ್ಕಲ್ಲಿ ಅದನ್ನು ಬಳಸುತ್ತಿದ್ದೇನೆ. ಫೆಬ್ರುವರಿಯಲ್ಲಿ ಸೇವಾಲಾಲ್ ಜಯಂತಿಗೆ ನಮ್ಮ ಸೂರಗೊಂಡನಕೊಪ್ಪಕ್ಕೆ ಬರುವ ಬಸ್ಸುಗಳಲ್ಲಿ ನಿಂತವರ ಪಾಡಿಗೆ ಇದಕ್ಕಿಂತ ಒಳ್ಳೆಯ ಪದವಿದ್ದರೆ ಹೇಳಿ.

ಹಿರಿಯ ವಿದ್ವಾಂಸರೊಬ್ಬರಿಗೆ ಇದು ಸರಿಬರಲಿಲ್ಲ. “ತುಳಿದ್ರು ಅಂದ್ರೆ ಸಾಲದೇನಮ್ಮಾ? ಹಳಗನ್ನಡ ಕಾವ್ಯದಲ್ಲಿರಲಿ. ನಿನ್ನ ಮಾತಲ್ಲಿ ತಾಂಡಾದ ಸೊಗಡಿರಲಿ” ಎಂದರು. (ಕುಮಾರವ್ಯಾಸನದು ನಡುಗನ್ನಡ. ಹಿರಿಯರೆಂದು ಸುಮ್ಮನಿದ್ದೆ.)

ಮಾತು ಸರಳವಾಗಿರಬೇಕು ಎಂಬುದು ನಿಜವಾದ ಕಾಳಜಿಯಾಗಿದ್ದರೆ ಅದು ತಾಲ್ಲೂಕು ಕಚೇರಿಯಿಂದ ಶುರುವಾಗಲಿ. ‘ಸದರಿ’, ‘ಷರಾ’, ‘ಠರಾವು’ ಎಂಬ ಪದಗಳೆದುರು ಎಷ್ಟು ಜನ ಅರ್ಜಿ ಹಿಡಿದು ಬೆವರಿದ್ದಾರೆ! ಅವನ್ನು ಕೇಳಿ ಯಾರೂ ನಗುವುದಿಲ್ಲ, ಹೆದರುತ್ತಾರೆ. ನನ್ನ ಪದ ಯಾರ ಅರ್ಜಿಯನ್ನೂ ತಡೆದಿಲ್ಲ. ಅರ್ಥ ಕೇಳಿದರೆ ಹೇಳುತ್ತೇನೆ, ಕೇಳಿದವರು ನಗುತ್ತಾರೆ, ಎರಡು ದಿನ ಬಿಟ್ಟು ತಾವೇ ಬಳಸುತ್ತಾರೆ.

ನನಗೆ ಸಿಟ್ಟು ಬರುವುದು ಆ ‘ಸೊಗಡಿ’ನ ಬಗ್ಗೆ. ಅದೇ ಪದವನ್ನು ಪ್ರಾಧ್ಯಾಪಕರು ವೇದಿಕೆಯಲ್ಲಿ ಬಳಸಿದರೆ ಪಾಂಡಿತ್ಯ, ತಾಂಡಾದಿಂದ ಬಂದವಳು ಬಳಸಿದರೆ ತೋರಿಕೆ. ಕನ್ನಡಕ್ಕೆ ನಾವು ಸೊಗಡು ಒದಗಿಸಬೇಕು, ಭಂಡಾರದ ಬೀಗದ ಕೈ ಮಾತ್ರ ಕೇಳಬಾರದು. ನಾನು ಕನ್ನಡವನ್ನು ಕಲಿತದ್ದೇ ಶಾಲೆಗೆ ಸೇರಿದ ಮೇಲೆ, ಒಂದೊಂದೇ ಪದವಾಗಿ. ಕಷ್ಟಪಟ್ಟು ಗಳಿಸಿದವರು ತಮ್ಮಿಷ್ಟದಂತೆ ಖರ್ಚು ಮಾಡುವುದೂ ತಪ್ಪೇ?

ಇನ್ನು ಅವರು ಬಯಸುವ ಸೊಗಡಿನ ಗತಿ ನೋಡಿ. ನಮ್ಮ ಗೋರಮಾಟಿಗೆ ಸ್ವಂತ ಲಿಪಿಯಿಲ್ಲ. ಇಲ್ಲಿ ಕನ್ನಡದಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತೇವೆ. 2011ರ ಜನಗಣತಿ ಲಂಬಾಣಿಯನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ. ಎಂಟನೇ ಪರಿಚ್ಛೇದದಲ್ಲೂ ಅದಕ್ಕೆ ಜಾಗವಿಲ್ಲ. ಸೊಗಡು ಬೇಕೆನ್ನುವವರು ‘ಯಾಡಿ’ ಎಂದರೆ ತಾಯಿ ಎಂಬಲ್ಲಿಗೇ ನಿಲ್ಲುತ್ತಾರೆ.

ಪದವನ್ನು ಉಳಿಸಲು ನಿಘಂಟು ಬೇಕು, ಒಪ್ಪುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳನ್ನು ತಂದದ್ದು ಸಣ್ಣ ಕೆಲಸವಲ್ಲ. ಆದರೆ ಕಪಾಟಿನಲ್ಲಿರುವ ಪದ ಹೊರಗೆ ಬರುವುದು ಯಾರಾದರೂ ಅದನ್ನು ಚಟಕ್ಕೆ, ಚೇಷ್ಟೆಗೆ ಬಾಯಿಗೆ ಹಾಕಿಕೊಂಡಾಗಲೇ. ಮನೆಯಲ್ಲಿ ಗೋರಮಾಟಿಯ ನಡುವೆ ನಾನು ಅದನ್ನು ಎಷ್ಟೋ ಸಲ ತುರುಕಿದ್ದೆ. ಕಳೆದ ಮಳೆಗಾಲದಲ್ಲಿ ಯಾರದೋ ಆಡುಗಳು ನಮ್ಮ ಮೆಕ್ಕೆಜೋಳಕ್ಕೆ ನುಗ್ಗಿದ್ದವು. ಯಾಡಿ ಫೋನ್ ಮಾಡಿ ಗೋರಮಾಟಿಯಲ್ಲೇ ಬೈಯುತ್ತಾ ಬಂದಳು. ಆಡುಗಳು ಏನು ಮಾಡಿದವು ಎನ್ನುವಲ್ಲಿ ಮಾತ್ರ ‘ತೊತ್ತಳದುಳಿ’ ಎಂದಳು. ಎಕರೆಗಟ್ಟಲೆ ಬೆಳೆ ಹಾಳಾದ ಸಂಕಟದಲ್ಲೂ ಆ ಪದವನ್ನು ಎರಡು ಸಲ ಹೇಳಿದಳು.